ಕೊನೆಯ ಸಾಲು

ಎಲ್ಲ ದೇಶಗಳ ಇಂಗ್ಲಿಷಿಗೂ ಒಂದೇ ಬ್ರೈಲ್, ಅಂದರೆ ಉಬ್ಬು ಚುಕ್ಕಿಗಳನ್ನು ಮುಟ್ಟಿ ಓದುವ ಲಿಪಿ, ಬಂತು. ಅದನ್ನು ಕಲಿಸುವ ಮೇಡಂಗೆ ಹುಟ್ಟಿನಿಂದ ಕಣ್ಣಿಲ್ಲ. ಅಂಧ ಮಕ್ಕಳಿಗೆ ಪಾಠ ಹೇಳಲೆಂದು ಅದನ್ನು ಕಲಿಯಲು ಬಂದ ಮೇಷ್ಟ್ರಿಗೆ ಎರಡು ಕಣ್ಣೂ ಚೆನ್ನಾಗಿವೆ. ಇವತ್ತು ಅವರಿಗೆ ಪರೀಕ್ಷೆ: ಕಣ್ಣು ಮುಚ್ಚಿಕೊಂಡು ಬೆರಳಲ್ಲೇ ಓದಬೇಕು.

"ಕಣ್ಣಿಗೆ ಬಟ್ಟೆ ಕಟ್ಕೊಳ್ಳಲಾ ಮೇಡಂ?"

"ಅಯ್ಯೋ, ಮೇಷ್ಟ್ರಾಗಿ ಮೋಸ ಮಾಡ್ತೀರಾ? ಓದಿ."

ಮೇಷ್ಟ್ರು ಕಣ್ಣರಳಿಸಿಕೊಂಡು, ಅನುಮಾನ ಬಾರದಿರಲೆಂದು ಅಲ್ಲಲ್ಲಿ ತಡವರಿಸುತ್ತಾ, ಇಡೀ ಹಾಳೆ ಓದಿ ಮುಗಿಸಿದರು.

"ಒಂದಕ್ಷರವೂ ತಪ್ಪಿಲ್ಲ! ಕೊನೆಯ ಸಾಲು ಕಷ್ಟ ಆಗ್ಲಿಲ್ವಾ?"

"ಎಲ್ಲಿಯ ಕಷ್ಟ ಮೇಡಂ! ಒಂದೊಂದು ಚುಕ್ಕಿನೂ ಬೆರಳಿಗೆ ಚುಚ್ತಾ ಇತ್ತು."

"ಹೌದಾ? ಆ ಸಾಲಿನ ಚುಕ್ಕಿಗಳನ್ನೆಲ್ಲ ಬೆಳಗ್ಗೆ ನಾನೇ ಉಗುರಲ್ಲಿ ಉಜ್ಜಿ ಮಟ್ಟ ಮಾಡಿದ್ದೆ ಮೇಷ್ಟ್ರೇ. ಈಗ ಅದರ ಗುರುತು ಕಣ್ಣಿಗೆ ಮಾತ್ರ ಸಿಗೋದು."