ಬೂಟು ಕಳಚಿದ ಮೇಲಿನ ತೂಕ

"ಈ ಹಕ್ಕಿಮರಿ ಹದಿನಾರು ಕಿಲೋನಾ?" ವೈದ್ಯರ ಚೀಟಿ ಹಿಡಿದಿದ್ದ ಔಷಧದಂಗಡಿಯ ಡಾರ್ಲೀನಳಿಗೆ ನಂಬಿಕೆ ಬರಲಿಲ್ಲ. ಕೌಂಟರಿನಾಚೆ ಕಿವಿನೋವಿಗೆ ಮುಖ ಕಿವುಚಿಕೊಂಡು ನಿಂತಿದ್ದ ಮೂರು ವರ್ಷದ ಹ್ಯಾಲಿನಾಳನ್ನು ಮತ್ತೊಮ್ಮೆ ನೋಡಿದಳು. "ಮೈರನ್ ಮಾಮ, ಡಾಕ್ಟರ ಹತ್ರ ತೂಗುವಾಗ ಇವಳ ಚಳಿಬಟ್ಟೆ ಬಿಚ್ಚಿಸಿದ್ರಾ?"

"ಈ ಆಲ್ಬರ್ಟಾ ಚಳೀಲಿ ಮಗು ಬಟ್ಟೆ ಯಾರಮ್ಮ ಬಿಚ್ಚಿಸ್ತಾರೆ? ಹಂಗೇ ನಿಲ್ಸಿದ್ರು" ಎಂದ ಹುಡುಗಿಯ ಅಜ್ಜ ಮೈರನ್.

ಡಾರ್ಲೀನ್ ಕೌಂಟರಿನಿಂದ ಈಚೆ ಬಂದು ಹಿಮದ ಬೂಟು, ಹತ್ತಿ ತುಂಬಿದ ಮೇಲಂಗಿ, ಒಳಗಿನ ಇನ್ನೊಂದು ಅಂಗಿ ಎಲ್ಲವನ್ನೂ ಕಳಚಿ ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಹದಿಮೂರೇ ಕಿಲೋ! ಚೀಟಿಯಲ್ಲಿದ್ದ ಔಷಧದ ಅಳತೆ ಹೊಡೆದುಹಾಕಿ, ಕಡಿಮೆ ಅಳತೆ ಬರೆದು, ಪಕ್ಕದಲ್ಲಿ ತನ್ನ ಸಹಿ ಹಾಕಿದಳು.

"ಡಾಕ್ಟರ್ ಬರೆದದ್ದನ್ನೇ ಹೊಡೀತೀಯಲ್ಲ! ಅವರಿಗೊಂದು ಫೋನಾದ್ರೂ ಮಾಡು. ಕಮ್ಮಿ ಕೊಟ್ಟು ನೋವು ಹೋಗದಿದ್ರೆ?"

"ತೂಕ ನೋಡಿ ಇಷ್ಟು ತಿದ್ದೋಕೆ ಇಲ್ಲಿನ ಕಾನೂನಲ್ಲೇ ಫಾರ್ಮಸಿಸ್ಟಿಗೆ ಅಧಿಕಾರ ಇದೆ, ಮಾಮ. ಡಾಕ್ಟರಿಗೆ ಆಮೇಲೆ ತಿಳಿಸ್ತೀನಿ. ಜಾಸ್ತಿ ಕೊಟ್ರೆ ಇವಳ ಹೊಟ್ಟೆ ಕೆಡುತ್ತೆ. ತಪ್ಪಾದ್ರೆ ಉತ್ತರ ಕೊಡಬೇಕಾದೋಳು ನಾನೇ."

ಮೈರನ್ ಆ ಸಹಿಯನ್ನು ನೋಡಿದ, ನೆಲದ ಮೇಲಿನ ಬಟ್ಟೆಯ ಗುಡ್ಡೆಯನ್ನು ನೋಡಿದ. ಆಮೇಲೆ ಬೆಂಚಿನ ಮೇಲೆ ಕೂತು ತನ್ನ ಬೂಟಿನ ದಾರ ಬಿಚ್ಚತೊಡಗಿದ.

"ನನ್ನನ್ನೂ ಒಂಚೂರು ತೂಗಿ ನೋಡಮ್ಮ."