ಅತ್ತೆಗೆ ಎಟುಕದ ಎತ್ತರ

ಅತ್ತೆ ಎಷ್ಟು ಎತ್ತರಕ್ಕೆ ಕಾಲೆತ್ತಬಲ್ಲರು ಎಂಬುದನ್ನು ಸರ್ವೆಯರ್ ಮೂರು ದಿನ ಗುಟ್ಟಾಗಿ ಅಳೆದ. ಮೆಟ್ಟಿಲು ಏಳು ಇಂಚು, ಸಲೀಸು. ಹಿತ್ತಲಿನ ಕಟ್ಟೆ ಹದಿನಾರು. ಗೋಡೆ ಹಿಡಿದು ಹತ್ತುತ್ತಿದ್ದರು. ಅವನ ಜೀಪಿನ ಬಾಗಿಲ ಹೊಸ್ತಿಲು ಇಪ್ಪತ್ತೆರಡು; ಹಿಡಿಕೆ ಜಗ್ಗಿ, ಒಂದು ನಿಟ್ಟುಸಿರು ಬಿಟ್ಟು, ಹತ್ತಿಯೇ ಬಿಡುತ್ತಿದ್ದರು. ಇಪ್ಪತ್ತನಾಲ್ಕಾದರೂ ಹಟ ಹಿಡಿದು ಹತ್ತಿಯಾರು. ಇಪ್ಪತ್ತಾರು ಮಾತ್ರ ಆಗದ ಮಾತು.

ಅಂದರೆ ಜೀಪು ನಾಲ್ಕು ಇಂಚು ಮೇಲೇಳಬೇಕು.

ಎತ್ತರಿಸಲು ನ್ಯಾಯವಾದ ಕಾರಣವೂ ಇತ್ತು. ವಾರಕ್ಕೆರಡು ಸಲ ಗುಡ್ಡದ ಮೇಲಿನ ಕಲ್ಲುಗಣಿಗೆ ಅಳತೆಗೆಂದು ಹೋಗಬೇಕು. ದಾರಿಯ ಬಂಡೆಗಳು ಜೀಪಿನ ಹೊಟ್ಟೆ ಕೆರೆಯುತ್ತಿದ್ದವು. ಆದರೆ ಪ್ರತಿದಿನ ಬೆಳಿಗ್ಗೆ ಅದೇ ಜೀಪು ಊರೊಳಗಿನ ಕಚೇರಿಗೆ. ಆ ದಾರಿಯಲ್ಲೇ ಅತ್ತೆ ಕಲಿಸುವ ಹೊಲಿಗೆ ಶಾಲೆ. ಮದುವೆಯಾದ ಹೊಸತರಲ್ಲಿ, ನಾನೇ ದಿನಾ ಬಿಡುತ್ತೇನೆ ಎಂದು ಹುರುಪಿನಲ್ಲಿ ಅಂದಿದ್ದ. ಮೂರು ವರ್ಷವಾಯಿತು. ಒಂದು ದಿನವೂ ತಪ್ಪಿರಲಿಲ್ಲ.

ಹನ್ನೊಂದು ಕಿಲೋಮೀಟರು. ಅತ್ತೆ ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಲಾರಿ ಕಂಡರೆ ನಿಧಾನ. ತಿರುವು ಬಂದರೆ ನಿಧಾನ. ದಾರಿ ಖಾಲಿಯಿದ್ದರೆ, ಖಾಲಿಯಿದೆಯೆಂದು ಹೀಗೆ ಹೋಗುವುದೇ? ಸರ್ವೆಯರನ ಕಿವಿ ತೂತು ಬಿದ್ದಿತ್ತು. ಬಾಯಿ ಬಿಟ್ಟು ಬೇಡವೆನ್ನುವ ಹಾಗಿಲ್ಲ. ಹೆಂಡತಿಗೆ ತಾಯಿಯೆಂದರೆ ಪ್ರಾಣ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಊಟದ ಹೊತ್ತಿಗೆ ವಿಷಯ ತೆಗೆದ. ದಿನಾ ಓಡಿಸುವ ಗಾಡಿಗೆ ಈ ಸರ್ಕಸ್ಸೆಲ್ಲ ಯಾಕೆಂದು ಹೆಂಡತಿ ತಕರಾರು ಎತ್ತಿದಳು. ಅತ್ತೆಯೇ ಅವನ ಪರ ನಿಂತರು. ಗಣಿಯ ದಾರಿ ಕಷ್ಟ, ಮಾಡಿಸಿಕೊಳ್ಳಲಿ ಬಿಡು ಎಂದರು. ಯಾವ ಗ್ಯಾರೇಜು ಎಂದೂ ವಿಚಾರಿಸಿದರು. ಅವನಿಗೆ ಒಂದು ಗಳಿಗೆ ಅಯ್ಯೋ ಪಾಪ ಅನ್ನಿಸಿತು. ಒಂದೇ ಗಳಿಗೆ.

ಗ್ಯಾರೇಜಿನ ಮೆಕ್ಯಾನಿಕ್‌ಗೆ ಊರವರು ಇಟ್ಟ ಹೆಸರು 'ಒಂದಿಂಚು'. ಯಾರು ಎಷ್ಟು ಎತ್ತರ ಕೇಳಿದರೂ ಒಂದು ಇಂಚಿನಿಂದಲೇ ಚೌಕಾಸಿ ಶುರು ಮಾಡುವ ಆಸಾಮಿ. ಆರು ಇಂಚು ಕೇಳಿದ ಗಿರಾಕಿಯೊಬ್ಬನಿಗೆ, ಜೀಪು ಮಾರಿ ಏಣಿ ಕೊಂಡುಕೋ ಎಂದಿದ್ದನಂತೆ. ಹಾಗಾಗಿ ಒಂದು ವಾರದ ನಂತರ ಸರ್ವೆಯರ್ ಅಲ್ಲಿಗೆ ಹೋದದ್ದು ವಾದಕ್ಕೆ ಸಿದ್ಧನಾಗಿಯೇ.

ಒಂದಿಂಚು ಜೀಪಿನಡಿ ತೂರಿ, ಎದ್ದು ಕೈ ಒರೆಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಎರಡು ಇಂಚಿಗೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಬದಲಿಸಿದರೆ ಸಾಕು. ಗಣಿಯ ಕಲ್ಲು ತಾಗದು, ಊರೊಳಗೆ ಓಡಿಸುವಾಗ ವ್ಯತ್ಯಾಸವೇ ಗೊತ್ತಾಗದು. ನಾಲ್ಕಕ್ಕೆ ಶಾಫ್ಟು, ಸ್ಟಿಯರಿಂಗಿನ ಸರಳು, ಬ್ರೇಕಿನ ಕೊಳವೆ ಎಲ್ಲವೂ ಹೊಸದಾಗಬೇಕು. ಡೀಸೆಲ್ ಹೆಚ್ಚು ಕುಡಿಯುತ್ತದೆ. ಕಚೇರಿಯ ನೆಲಮಾಳಿಗೆಯಲ್ಲಿ ನಿಲ್ಲಿಸುವಾಗ ಜೀಪಿನ ತಲೆ ಸೂರಿಗೆ ತಾಗೀತು. ತಿರುವಿನಲ್ಲಿ ವಾಲುತ್ತದೆ, ಅವಸರ ಮಾಡಿದರೆ ಮಗುಚಲೂಬಹುದು.

"ದಿನಾ ಓಡಿಸೋ ಗಾಡಿ ಅಂತೀರಿ. ಪಕ್ಕದಲ್ಲಿ ಯಾರು ಕೂರ್ತಾರೆ?"

ಸರ್ವೆಯರ್ ಬಗ್ಗಿ ಟೈರು ಒತ್ತಿ ನೋಡಿದ. "ಹಾಗೆ ಯಾರೂ ಇಲ್ಲ. ಅಪರೂಪಕ್ಕೆ ಯಾರಾದ್ರೂ."

"ಹಾಗಿದ್ರೆ ನಾಲ್ಕೇ ಹಾಕೋಣ ಬಿಡಿ."

ಸರ್ವೆಯರ್ ಬೆಪ್ಪಾದ. ಕಟ್ಟಿಕೊಂಡು ಬಂದಿದ್ದ ವಾದಗಳೆಲ್ಲ ಹೊಟ್ಟೆಯಲ್ಲೇ ಉಳಿದವು. ಹತ್ತಲು ಬಾಗಿಲ ಕೆಳಗೆ ಮೆಟ್ಟಿಲು ಹಾಕುವುದು ಬೇಡ, ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂದ. ಅದಕ್ಕೂ ಒಂದಿಂಚು ತಲೆಯಾಡಿಸಿದ. ಮೇಲಾಗಿ, ಪಕ್ಕದ ಸೀಟಿನ ಹಿಡಿಕೆ ಸಡಿಲಾಗಿದೆ, ಕಿತ್ತುಬಿಡಲೇ ಎಂದು ತಾನಾಗಿಯೇ ಕೇಳಿದ. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು.

ಹೊಲಿಗೆ ಶಾಲೆಗೆ ರಜೆಯಿದ್ದ ನಾಲ್ಕು ದಿನದಲ್ಲಿ ಕೆಲಸ ಮುಗಿಯಿತು. ಮರುದಿನ ಬೆಳಿಗ್ಗೆ ಅತ್ತೆ ಚೀಲ ಹಿಡಿದು ಎಂದಿನಂತೆ ಬಂದರು. ಕಾಲೆತ್ತಿದರು, ಎಟುಕಲಿಲ್ಲ. ಹಿಡಿಕೆಗೆ ತಡಕಾಡಿದರು, ಇರಲಿಲ್ಲ. ಎರಡನೆಯ ಸಲ ಮೊಣಕಾಲು ಅರ್ಧ ದಾರಿ ಹೋಗಿ ವಾಪಸು ಬಂತು. ಸರ್ವೆಯರ್ ಮುಖವನ್ನು ಆದಷ್ಟೂ ಸಪ್ಪೆ ಮಾಡಿಕೊಂಡು, ಸ್ಟೂಲು ತರಲೇ ಎಂದ. ಹೂಂ ಅಂದುಬಿಟ್ಟರೆ ಎಂಬ ಭಯ ಒಳಗೊಳಗೇ ಇತ್ತು.

"ಬೇಡಪ್ಪ. ದಿನಾ ಯಾರು ಸ್ಟೂಲ್ ಹೊರ್ತಾರೆ? ನಾನು ಬಸ್ಸಲ್ಲಿ ಹೋಗ್ತೀನಿ. ನಿನಗ್ಯಾಕೆ ತೊಂದ್ರೆ."

ಹೆಂಡತಿ ಗಂಡನನ್ನು ಸುಡುವ ಹಾಗೆ ನೋಡಿದಳು. ಅವಳನ್ನೂ ಅತ್ತೆಯೇ ಸಮಾಧಾನ ಮಾಡಿದರು. ಅವನೇನು ಬೇಕಂತ ಮಾಡಿದ್ದೇ?

ಸ್ವರ್ಗಕ್ಕೆ ಮೂರೇ ಗೇಣು ಎಂದುಕೊಂಡು ಸರ್ವೆಯರ್ ಒಬ್ಬನೇ ಹೊರಟ. ಮೊದಲ ತಿರುವಿನಲ್ಲೇ ಜೀಪು ಕುಡುಕನಂತೆ ವಾಲಿತು. ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಆಮೇಲೆ ತಿರುವಿನಲ್ಲಿ ನಿಧಾನ, ಲಾರಿ ಎದುರಾದಾಗ ನಿಧಾನ, ಖಾಲಿ ದಾರಿಯಲ್ಲೂ ನಿಧಾನ. ಸೈಕಲ್ಲಿನವನೊಬ್ಬ ಅವನನ್ನು ದಾಟಿಕೊಂಡು ಹೋದ. ಹೋಗಲಿ. ಪಕ್ಕದ ಸೀಟು ಖಾಲಿಯಿತ್ತು, ಗೆದ್ದವನು ತಾನೇ. ಸಿಳ್ಳೆ ಹಾಕುತ್ತ ಕಚೇರಿ ಮುಟ್ಟಿದ.

ಅದೇ ಹೊತ್ತಿಗೆ ಅತ್ತೆ ಬಸ್ಸಿನ ಮೆಟ್ಟಿಲುಗಳನ್ನು ಕಂಬಿ ಹಿಡಿಯದೆ ಹತ್ತಿ, ಕಿಟಕಿಯ ಬದಿಗೆ ಕೂತು, ಮೂರು ವರ್ಷದಲ್ಲಿ ಮೊದಲ ಸಲ ಕಾಲು ಚಾಚಿ, ಒಂದಿಂಚಿಗೆ ಫೋನ್ ಮಾಡಿದರು.

"ಅವತ್ತು ನಾನು ಬಂದು ಕೇಳಿಕೊಂಡ ಹಾಗೇ ನಾಲ್ಕು ಇಂಚು ಎತ್ತಿಕೊಟ್ಟಿರಿ, ಪುಣ್ಯ ಬರ್ಲಿ ನಿಮಗೆ. ಅಳಿಯ ಚಿನ್ನದಂಥವನು, ಆದ್ರೆ ಅವನು ಗಾಡಿ ಓಡಿಸಿದ್ರೆ ನನ್ನ ಜೀವ ಬಾಯಿಗೆ ಬರ್ತಿತ್ತು. ಅವನ ಮನಸ್ಸಿಗೆ ನೋವಾಗದ ಹಾಗೆ ಇಳಿದುಕೊಳ್ಳೋಕೆ ಇಷ್ಟು ದಿನ ಬೇರೆ ದಾರೀನೇ ಸಿಕ್ಕಿರಲಿಲ್ಲ."