ಪರದೆಗೆ ಬಂದ ಮುಖ

ಊರಿನವರ ಮದುವೆ ಆಲ್ಬಮ್ಮಿನಿಂದ ಹಿಡಿದು ಶ್ರದ್ಧಾಂಜಲಿಯ ಫ್ಲೆಕ್ಸಿನವರೆಗೆ ಎಲ್ಲವೂ ಅವನ ಸ್ಟುಡಿಯೊದಲ್ಲೇ ಆಗಬೇಕು. ಕಂಪ್ಯೂಟರಿನ ಪರದೆ ಚೆಂದ ಕಾಣಲೆಂದು ಅವನು ಇಂಟರ್‌ನೆಟ್ಟಿನಿಂದ ಒಂದು ಸಾಫ್ಟ್‌ವೇರ್ ಇಳಿಸಿಕೊಂಡಿದ್ದ. ಒಂದು ತಿಂಗಳು ಪುಕ್ಕಟೆ, ಆಮೇಲೆ ದುಡ್ಡು. ಗಿರಾಕಿಗಳ ಫೋಟೊಗಳಲ್ಲಿ ಯಾವುದೋ ಒಂದನ್ನು ಅದು ದಿನಾ ತಾನೇ ಆರಿಸಿ ಪರದೆಗೆ ಹಾಕುತ್ತಿತ್ತು.

ಈಚೆಗೆ ಅದರ ಮುಂದೆ ಕೂರಲು ಅವನಿಗೆ ಭಯ. ಪರದೆಯಲ್ಲಿ ಯಾರ ಮುಖ ಬಂದರೂ, ಸ್ವಲ್ಪ ದಿನದಲ್ಲೇ ಆ ಮನೆಯವರು ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಬಂದು ನಿಲ್ಲುತ್ತಿದ್ದರು.

ಇವತ್ತು ಬಂದದ್ದು ಹೆಂಡತಿಯ ಮುಖ.

ಅವಳು ಆಸ್ಪತ್ರೆಯಲ್ಲಿ ನರ್ಸು. ಎಂದಿನಂತೆ ಸ್ಟುಡಿಯೊ ಗುಡಿಸಿ, ಕಂಪ್ಯೂಟರ್ ಆನ್ ಮಾಡಿಟ್ಟು, ಡ್ಯೂಟಿಗೆ ಹೊರಟಿದ್ದಳು. ಅವನು ಅವಳ ಕೈ ಹಿಡಿದು ನಿಲ್ಲಿಸಿ ಎಲ್ಲವನ್ನೂ ಹೇಳಿಬಿಟ್ಟ.

"ಇದರೊಳಗೆ ಏನೋ ಸೇರ್ಕೊಂಡಿದೆ ಕಣೇ. ಈಗಲೇ ಕಿತ್ತು ಬಿಸಾಕ್ತೀನಿ."

"ನಿಮ್ಮ ಪುಕ್ಕಲುತನಕ್ಕಿಷ್ಟು! ದುಡ್ಡು ಕಟ್ಟಲಿಲ್ಲ ಅಂತ ಅದು ದೀಪಾವಳಿಗೇ ನಿಂತುಹೋಯ್ತು ರೀ. ಆಮೇಲಿಂದ ಫೋಟೊ ಹಾಕ್ತಿರೋಳು ನಾನು."

"ನೀನಾ?"

"ಇನ್ನು ಉಳಿಯಲ್ಲ ಅಂತ ಡಾಕ್ಟ್ರು ಕೈಚೆಲ್ಲಿದವರದ್ದು. ಆಸ್ಪತ್ರೆ ವಿಷಯ ಬಾಯಿಬಿಟ್ಟು ಹೇಳೋ ಹಾಗಿಲ್ಲ. ನೀವೋ, ಫೋಟೊ ಹುಡುಕೋಷ್ಟರಲ್ಲಿ ಹೆಣ ಎತ್ತಿರ್ತಾರೆ. ಪಾಪ, ಸಾವಿನ ಮನೆಯವರು ಕಾಯೋದು ಬೇಡ ಅಂತ ಕಣ್ಣೆದುರಿಗೆ ಇಡ್ತಿದ್ದೆ."

ಅವನ ಎದೆಯ ಮೇಲಿನ ಬಂಡೆ ಇಳಿಯಿತು.

"ಥೂ ನಿನ್ನ, ನನ್ನ ಜೀವವೇ ಹೋಗಿತ್ತಲ್ಲೇ! ಹಾಗಾದ್ರೆ ಇವತ್ತಿಂದೂ ನೀನೇ ಹಾಕಿದ್ದಾ?" ಎಂದು ಜೋರಾಗಿ ನಕ್ಕ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ಹೂಂ ರೀ. ನಿನ್ನೆ ನನ್ನ ರಿಪೋರ್ಟೂ ಬಂತು."